ಹೊರನಾಡಿನಿಂದ ಬಂದ ವೈದ್ಯೆಯರು, ಹೊರನಾಡಿಗೆ ಹೊರಟ ದಾದಿಯರು: ಧರ್ಮಸಭೆಯ ಆತಿಥ್ಯದ ಒಂದು ಚರಿತ್ರೆ

1936ರ ಫೆಬ್ರವರಿ 11ರಂದು, ಲೂರ್ದುಮಾತೆಯ ಸ್ಮರಣೆಯ ದಿನ, ರೋಮಿನ ವಿಶ್ವಾಸಪ್ರಸಾರ ಪೀಠವು ‘ಕೊನ್ಸ್ತಾನ್ಸ್ ಆಕ್ ಸೆದುಲಾ’ ಎಂಬ ನಿರ್ದೇಶನವೊಂದನ್ನು ಹೊರಡಿಸಿತು. ಪ್ರೇಷಿತ ನಾಡುಗಳಲ್ಲಿ ತಾಯಂದಿರ ಮತ್ತು ಶಿಶುಗಳ ಆರೋಗ್ಯರಕ್ಷಣೆಗಾಗಿ ಧರ್ಮಭಗಿನಿಯರು ವೈದ್ಯಶಾಸ್ತ್ರವನ್ನೂ ಶುಶ್ರೂಷೆಯನ್ನೂ ವಿಧಿವತ್ತಾಗಿ ಕಲಿಯಬಹುದು, ಪದವಿ ಪಡೆಯಬಹುದು, ಹೆರಿಗೆಯ ಆರೈಕೆಯನ್ನೂ ಕೈಗೊಳ್ಳಬಹುದು ಎಂಬುದು ಅದರ ಸಾರ. ನಮ್ಮ ಗುರುಮಠಗಳ ಚರಿತ್ರೆಯ ಪಾಠದಲ್ಲಿ ಈ ನಿರ್ದೇಶನಕ್ಕೆ ಒಂದು ಸಾಲು ಸಿಕ್ಕರೆ ಅದೇ ಹೆಚ್ಚು. ಆದರೆ ಅದರ ಹಿಂದೆ ಸುಮಾರು ಮೂರು ದಶಕಗಳ ಬೇಡಿಕೆಯಿದೆ. ಆ ಬೇಡಿಕೆಯ ಹಿಂದೆ ಭಾರತದ ಹೆಂಗಸರ ಹೆರಿಗೆಕೋಣೆಗಳಿವೆ. ಆ ಕೋಣೆಗಳ ಬಾಗಿಲಲ್ಲಿ, ಪದವಿ ಕೈಯಲ್ಲಿದ್ದರೂ ಒಳಗೆ ಹೋಗಲಾಗದೆ ನಿಂತ ಪರದೇಶದ ಕೆಲವು ಮಹಿಳೆಯರಿದ್ದಾರೆ. ಅವರಿಗೆ ಅಡ್ಡಬಂದ ಕಾನೂನುಗಳಲ್ಲಿ ಒಂದು ಧರ್ಮಸಭೆಯದೇ ಆಗಿತ್ತು.

ಈ ಹಳೆಯ ಸಂಗತಿಯನ್ನು ಇಂದು ಎತ್ತಿಕೊಳ್ಳಲು ಕಾರಣವಿದೆ. ಬೆಂಗಳೂರು ಮಹಾಧರ್ಮಕ್ಷೇತ್ರದ ವ್ಯಾಪ್ತಿಗೆ ಸೇರಿದ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ಕ್ರೈಸ್ತ ಕುಟುಂಬಗಳು ವಿರಳ. ಆದರೂ ಅಲ್ಲಿ ಪಾಲನಾ ಸೇವೆ ಮಾಡಿದ ಯಾವ ಗುರುವಿಗೂ ನರ್ಸಿಂಗ್ ಕಲಿತ ಹೆಣ್ಣುಮಕ್ಕಳ ಪರದೇಶ ಪ್ರಯಾಣದ ಮಾತು ಹೊಸದಲ್ಲ. ಕ್ರೈಸ್ತರ ಮಕ್ಕಳಷ್ಟೇ ಹೋಗುತ್ತಿದ್ದ ಕಾಲ ಮುಗಿದಿದೆ. ಈಗ ಊರಿನ ಎಲ್ಲ ಜಾತಿಯ ಮನೆಗಳಲ್ಲಿಯೂ ಜರ್ಮನಿ, ಬ್ರಿಟನ್, ಕೊಲ್ಲಿ ರಾಷ್ಟ್ರಗಳ ಹೆಸರು ಕೇಳಿಬರುತ್ತದೆ. ಒಂದು ಕಾಲದಲ್ಲಿ ಆರೈಕೆಗಾರರನ್ನು ಹೊರಗಿನಿಂದ ಕರೆಸಿಕೊಂಡ ನಾಡು ಈಗ ತನ್ನವರನ್ನು ಹೊರಗೆ ಕಳುಹಿಸುತ್ತಿದೆ. ಬಂದವರನ್ನು ನೆಲೆಗೊಳಿಸಲು ನಮ್ಮ ಹಿರಿಯರು ಏನೇನು ಮಾಡಬೇಕಾಯಿತು ಎಂಬುದನ್ನು ಅರಿತರೆ, ಹೋಗುವವರ ಪರವಾಗಿ ನಾವು ಯಾರನ್ನು ಏನು ಕೇಳಬೇಕು ಎಂಬುದು ಸ್ಪಷ್ಟವಾಗುತ್ತದೆ. ಕಲಿತವಳ ವಿದ್ಯೆ ಮತ್ತು ತ್ಯಾಗ ಅರ್ಧ ದಾರಿ ಮಾತ್ರ. ಉಳಿದರ್ಧವನ್ನು ಕರೆಸಿಕೊಂಡವರು ನಡೆಯಬೇಕು ಎಂಬುದೇ ಈ ಚರಿತ್ರೆಯಿಂದ ನಾವು ಕಂಡುಕೊಂಡ ಮಾತು.

ಅಡ್ಡಿಯ ಬೇರು ಹಳೆಯದು. 1215ರ ನಾಲ್ಕನೆಯ ಲಾತೆರಾನ್ ಮಹಾಸಭೆಯ 18ನೆಯ ವಿಧಿಯು, ಸುಡುವ ಅಥವಾ ಕೊಯ್ಯುವ ಶಸ್ತ್ರಚಿಕಿತ್ಸೆಯನ್ನು ಯಾಜಕವರ್ಗದವರು ಮಾಡಬಾರದೆಂದು ಕಟ್ಟುಮಾಡಿತು. ರಕ್ತ ಹರಿಸಿದ ಕೈಯಿಂದ ಬಲಿಪೂಜೆ ಅರ್ಪಿಸಬಾರದೆಂಬ ಭಾವನೆ ಅದರ ಹಿಂದಿತ್ತು. ಏಳು ಶತಮಾನಗಳ ಬಳಿಕ, 1917ರ ಧರ್ಮಸಭಾ ನ್ಯಾಯಸಂಹಿತೆಯ 139ನೆಯ ವಿಧಿಯು ರೋಮಿನ ವಿಶೇಷ ಅನುಮತಿಯಿಲ್ಲದೆ ಯಾಜಕರು ವೈದ್ಯವೃತ್ತಿ ನಡೆಸಬಾರದೆಂದಿತು. 592ನೆಯ ವಿಧಿಯ ಮೂಲಕ ಅದೇ ಕಟ್ಟಳೆ ಮಠವಾಸಿಗಳಿಗೂ ಅನ್ವಯವಾಯಿತು. ಭಗಿನಿಯರು ರೋಗಿಯ ಪಕ್ಕದಲ್ಲಿ ಕುಳಿತು ರಾತ್ರಿ ಕಳೆಯಬಹುದಾಗಿತ್ತು, ಗಾಯ ತೊಳೆಯಬಹುದಾಗಿತ್ತು. ವೈದ್ಯೆಯಾಗುವಂತಿರಲಿಲ್ಲ. ಹೆರಿಗೆಯಂತೂ ಕನ್ಯಾವ್ರತಕ್ಕೆ ತಕ್ಕುದಲ್ಲವೆಂದು ಎಣಿಸಲಾಗಿತ್ತು.

ಕಟ್ಟಳೆಗಳ ಕತೆ ಹೀಗಿದ್ದರೂ ನಮ್ಮ ನೆಲದಲ್ಲಿ ಬದುಕು ಬೇರೆ ದಾರಿ ಹಿಡಿದಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ದುಡಿದವರಲ್ಲಿ ಒಬ್ಬರು ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಜನ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದರು. ತಿಪಟೂರಿನ ನೆರೆಯ ಹಾಸನ ಸೀಮೆಯ ಸಾತಹಳ್ಳಿಯ ಕ್ರೈಸ್ತ ಒಕ್ಕಲುಗಳ ನೆನಪಿನಲ್ಲಿ ಅವರ ಹೆಸರು ಇಂದಿಗೂ ಇದೆ. ಲಾತೆರಾನ್ ವಿಧಿಯನ್ನು ಅಕ್ಷರಶಃ ಹಿಡಿದರೆ ತೋಳಿನ ಮೇಲೆ ಎಳೆದ ಆ ಗೀರು ಕೂಡ ಚರ್ಚಾರ್ಹವೇ. ಯಾರೂ ಚರ್ಚಿಸಿದಂತಿಲ್ಲ. ಮಂಗಳೂರಿನಲ್ಲಿ 1880ರಲ್ಲಿ ಯೇಸುಸಭೆಯ ಜರ್ಮನ್ ಗುರು ಆಗಸ್ಟಸ್ ಮುಲ್ಲರ್ ಹೋಮಿಯೋಪಥಿ ಔಷಧಗಳನ್ನು ಕೊಡಲು ತೊಡಗಿದರು. ಕಂಕನಾಡಿಯಲ್ಲಿ ಇಂದು ಅವರ ಹೆಸರಿನಲ್ಲಿ ನಿಂತಿರುವ ಸಂಸ್ಥೆಗಳ ಮೂಲ ಅಲ್ಲಿದೆ. ಅವಶ್ಯಕತೆ ಕಣ್ಣೆದುರಿಗೆ ನಿಂತಾಗ ಪ್ರೇಷಿತರು ಸಂಹಿತೆಯ ಅಂಚಿನಲ್ಲಿ ನಡೆದರು. ಆದರೆ ಅಂಚಿನಲ್ಲಿ ನಡೆಯುವ ಈ ಸ್ವಾತಂತ್ರ್ಯ ಬಹುಮಟ್ಟಿಗೆ ಗಂಡಸರದು.

ಹೆಂಗಸರ ವಿಷಯ ಬೇರೆ. ಫ್ರಾನ್ಸಿನ ಆಂಜೆ ನಗರದಲ್ಲಿ ಮೂಲವಿದ್ದ ಗುಡ್ ಶೆಫರ್ಡ್ ಭಗಿನಿಯರು 1854ರಲ್ಲಿ ಬೆಂಗಳೂರಿಗೆ ಬಂದರು. 1886ರಲ್ಲಿ ಸೈಂಟ್ ಮಾರ್ಥಾಸ್ ಆಸ್ಪತ್ರೆಯನ್ನು ತೆರೆದರು. ಬೆಂಗಳೂರಿನ ಹಳಬರಿಗೆ ಆ ಆಸ್ಪತ್ರೆಯ ಪರಿಚಯ ಹೇಳಬೇಕಾಗಿಲ್ಲ. ಭಗಿನಿಯರ ಪಾಲಿಗೆ ಬಂದದ್ದು ಶುಶ್ರೂಷೆ ಮತ್ತು ಆಡಳಿತ. ‘ಸಿಸ್ಟರ್’ ಎಂಬ ಶಬ್ದ ನಮ್ಮ ಜನರ ಬಾಯಲ್ಲಿ ಮಠದ ಭಗಿನಿಗೂ ಆಸ್ಪತ್ರೆಯ ದಾದಿಗೂ ಏಕಕಾಲಕ್ಕೆ ಸಲ್ಲುವುದು ಇಂಥ ಆಸ್ಪತ್ರೆಗಳ ಕಾಲದಿಂದ ಉಳಿದುಬಂದ ಕುರುಹು. ಚಿಕ್ಕನಾಯಕನಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ, ಕ್ರೈಸ್ತರ ಮುಖವನ್ನೇ ಕಾಣದ ಅಜ್ಜಿಯೊಬ್ಬರು ದಾದಿಯನ್ನು ‘ಸಿಸ್ಟರಮ್ಮ’ ಎಂದು ಕರೆಯುವಾಗ ಗೊತ್ತಿಲ್ಲದೆಯೇ ಧರ್ಮಸಭೆಯ ಚರಿತ್ರೆಯ ಒಂದು ಪದವನ್ನು ಬಳಸುತ್ತಿರುತ್ತಾರೆ.

ಪ್ರೊಟೆಸ್ಟಂಟ್ ಸಭೆಗಳಿಗೆ ಇಂಥ ಸಂಹಿತೆಯ ತೊಡಕು ಇರಲಿಲ್ಲ. ಹಾಗೆಂದು ಅವರ ವೈದ್ಯರೂ ಬೇಗ ಬರಲಿಲ್ಲ. ನಮ್ಮ ತುಮಕೂರು ಸೀಮೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ 1837ರಲ್ಲಿಯೇ ಠಾಣೆ ಹೂಡಿತ್ತು. ಅದೇ ಮಿಷನ್ ಮೈಸೂರಿನಲ್ಲಿ ಹೋಲ್ಡ್ಸ್‌ವರ್ಥ್ ಸ್ಮಾರಕ ಆಸ್ಪತ್ರೆಯನ್ನು ಕಟ್ಟಿದ್ದು 1906ರಲ್ಲಿ. ಬೋಧಕನ ಮತ್ತು ವೈದ್ಯೆಯ ನಡುವೆ ಎರಡು ತಲೆಮಾರುಗಳ ಅಂತರ. ಅಮೆರಿಕದ ಮೆಥೊಡಿಸ್ಟರ ಕೋಲಾರದ ಆಸ್ಪತ್ರೆ 1910ರದು. ಉಡುಪಿಗೆ ಸ್ವಿಟ್ಜರ್ಲೆಂಡಿನ ಡಾ. ಈವಾ ಲೊಂಬಾರ್ಡ್ ಬಂದು ಆಸ್ಪತ್ರೆ ಆರಂಭಿಸಿದ್ದು 1923ರಲ್ಲಿ. ಅದಕ್ಕೆ ಮೊದಲು ಮಹಾಯುದ್ಧದ ಕಾಲದಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿ ಹೊರಗಟ್ಟಿತ್ತು. ಪರದೇಶದಿಂದ ಬಂದ ಸೇವಕನ ನೆಲೆ ಎಷ್ಟು ತೆಳುವಾದ ಕಾಗದದ ಮೇಲೆ ನಿಂತಿರುತ್ತದೆಂಬುದಕ್ಕೆ ಇದು ಮೊದಲ ಪಾಠ. ಅದೇ ಪಾಠ ಅರ್ಧ ಶತಮಾನದ ನಂತರ ಜರ್ಮನಿಯಲ್ಲಿಯೇ ಮತ್ತೆ ಎದುರಾಗುತ್ತದೆ.

ಈಗ ಕಥೋಲಿಕ ಮಹಿಳೆಯರ ಕಡೆಗೆ ಬರೋಣ. ಆಗ್ನೆಸ್ ಮೆಕ್ಲಾರೆನ್ 1837ರಲ್ಲಿ ಹುಟ್ಟಿದ ಸ್ಕಾಟ್ಲೆಂಡಿನ ಮಹಿಳೆ. ತಾಯ್ನಾಡಿನಲ್ಲಿ ಹೆಂಗಸರಿಗೆ ವೈದ್ಯ ಪದವಿಯ ಬಾಗಿಲು ಮುಚ್ಚಿದ್ದರಿಂದ ಫ್ರಾನ್ಸಿನ ಮೊಂಪೆಲಿಯೆಗೆ ಹೋಗಿ 1878ರಲ್ಲಿ ಪದವಿ ಪಡೆದರು. ಅರುವತ್ತು ದಾಟಿದ ಮೇಲೆ, 1898ರಲ್ಲಿ, ಕಥೋಲಿಕ ಧರ್ಮಸಭೆಗೆ ಸೇರಿದರು. ವಾಯವ್ಯ ಭಾರತದ ಪರದೆಯೊಳಗಿನ ಹೆಂಗಸರು ಗಂಡು ವೈದ್ಯರಿಗೆ ಮೈ ತೋರಿಸಲು ಒಪ್ಪದೆ ಹೆರಿಗೆಯಲ್ಲಿ ಸಾಯುತ್ತಿದ್ದುದನ್ನು ತಿಳಿದು, ರಾವಲ್ಪಿಂಡಿಯಲ್ಲಿ ಸಂತ ಕ್ಯಾಥರೀನಳ ಹೆಸರಿನ ಆಸ್ಪತ್ರೆಗೆ ಕಾರಣರಾದರು. ಕಟ್ಟಡವೇನೋ ಎದ್ದಿತು, ನಿಲ್ಲುವ ವೈದ್ಯೆಯರು ದೊರೆಯಲಿಲ್ಲ. ಜೀವನವಿಡೀ ಉಳಿಯುವವರು ಭಗಿನಿಯರೇ, ಭಗಿನಿಯರು ವೈದ್ಯೆಯರಾಗುವಂತಿಲ್ಲ: ಈ ಗಂಟನ್ನು ಬಿಡಿಸಲು ಆ ವೃದ್ಧೆ ರೋಮಿನ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದರು. ಉತ್ತರ ಬರುವ ಮೊದಲೇ, 1913ರಲ್ಲಿ, ತೀರಿಕೊಂಡರು.

ಆಕೆಯ ಪತ್ರಗಳು ಆಸ್ಟ್ರಿಯಾದ ತಿರೋಲ್ ಸೀಮೆಯ ಅನ್ನಾ ಡೆಂಗೆಲ್ ಎಂಬ ತರುಣಿಯನ್ನು ಮುಟ್ಟಿದ್ದವು. ಇಬ್ಬರೂ ಮುಖತಃ ಭೇಟಿಯಾಗಲೇ ಇಲ್ಲ. ನಮ್ಮ ವಿಷಯಕ್ಕೆ ಡೆಂಗೆಲ್ ಅವರ ಪ್ರಯಾಣದ ವಿವರಗಳೇ ಮುಖ್ಯ. ಬ್ರಿಟಿಷ್ ಭಾರತದಲ್ಲಿ ವೃತ್ತಿ ನಡೆಸಬೇಕಾದರೆ ಬ್ರಿಟಿಷ್ ಮಾನ್ಯತೆಯ ಪದವಿ ಬೇಕು. ಆದ್ದರಿಂದ ಜರ್ಮನ್ ಮಾತೃಭಾಷೆಯ ಆ ಯುವತಿ ಇಂಗ್ಲಿಷ್ ಕಲಿತು ಐರ್ಲೆಂಡಿನ ಕಾರ್ಕ್ ನಗರದಲ್ಲಿ ವೈದ್ಯಕೀಯ ಓದಿದರು. 1919ರಲ್ಲಿ ಪದವಿ ಕೈಸೇರಿತು. ಆದರೆ ಆಸ್ಟ್ರಿಯಾ ಶತ್ರುದೇಶವಾಗಿತ್ತು. ವೀಸಾ ಬರುವವರೆಗೆ ಇಂಗ್ಲೆಂಡಿನಲ್ಲಿ ಸಹಾಯಕ ವೈದ್ಯೆಯಾಗಿ ದಿನ ನೂಕಬೇಕಾಯಿತು. 1920ರಲ್ಲಿ ರಾವಲ್ಪಿಂಡಿ ತಲುಪಿದಾಗ ಸೇವೆಗೆ ಎದುರಾದದ್ದು ಆ ಹಳೆಯ ಗಂಟೇ. 1925ರಲ್ಲಿ ವಾಷಿಂಗ್ಟನ್ನಿನಲ್ಲಿ ಆಕೆ ಆರಂಭಿಸಿದ ವೈದ್ಯಕೀಯ ಪ್ರೇಷಿತ ಭಗಿನಿಯರ ಸಂಘವು ಹನ್ನೊಂದು ವರ್ಷ ಪೂರ್ಣ ಪ್ರಮಾಣದ ಧಾರ್ಮಿಕ ಸಭೆಯಾಗದೆ, ಭಕ್ತ ಮಹಿಳೆಯರ ಕೂಟವಾಗಿ ಕಾಯಬೇಕಾಯಿತು. 1936ರ ನಿರ್ದೇಶನ ಆ ಕಾಯುವಿಕೆಯನ್ನು ಮುಗಿಸಿತು.

ನಮಗೆ ಇನ್ನೂ ಹತ್ತಿರದವರು ಮೇರಿ ಗ್ಲೌರಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿ 1887ರಲ್ಲಿ ಹುಟ್ಟಿ, 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದ ಈಕೆ, ಆಗ್ನೆಸ್ ಮೆಕ್ಲಾರೆನ್ ಕುರಿತ ಒಂದು ಕಿರುಹೊತ್ತಗೆಯನ್ನು ಓದಿ ತಮ್ಮ ದಾರಿಯನ್ನು ಕಂಡುಕೊಂಡರು. 1920ರಲ್ಲಿ ಗುಂಟೂರಿಗೆ ಬಂದು, ಹಾಲೆಂಡ್ ಮೂಲದ ಯೇಸು-ಮರಿಯ-ಜೋಸೆಫರ ಸಭೆಯನ್ನು ಸೇರಿದರು. ಪದವಿಯಿದ್ದ ವೈದ್ಯೆ ಮಠದ ಉಡುಪು ತೊಟ್ಟ ಕ್ಷಣ ವೈದ್ಯೆಯಾಗಿ ಉಳಿಯುವಂತಿರಲಿಲ್ಲವಾದ್ದರಿಂದ ಜಗದ್ಗುರು ಹದಿನೈದನೆಯ ಬೆನೆಡಿಕ್ಟರ ವಿಶೇಷ ಅನುಮತಿ ಬೇಕಾಯಿತು, ಅದು ದೊರೆಯಿತು. ಗುಂಟೂರಿನಲ್ಲಿ ಆಕೆ ಮಾಡಿದ ಕೆಲಸದ ಪ್ರಮಾಣವನ್ನು ಬಣ್ಣಿಸುವವರು ಬಹಳ ಮಂದಿ. ನಮಗೆ ಮುಖ್ಯವೆನಿಸುವುದು ಬೇರೊಂದು ಸಂಗತಿ. ಆಕೆ ಸ್ಥಳೀಯ ಹೆಣ್ಣುಮಕ್ಕಳಿಗೆ ಔಷಧ ಬೆರೆಸುವುದನ್ನೂ ಸೂಲಗಿತ್ತಿಯ ಕೆಲಸವನ್ನೂ ಶುಶ್ರೂಷೆಯನ್ನೂ ಕಲಿಸಿದರು. ದೇಶೀಯ ಔಷಧಗಳನ್ನು ತಾವೂ ಕಲಿತರು. 1943ರಲ್ಲಿ ಧರ್ಮಭಗಿನಿಯರನ್ನು ಕೂಡಿಸಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಕಥೋಲಿಕರದೇ ಒಂದು ವೈದ್ಯಕೀಯ ಕಾಲೇಜು ಬೇಕೆಂದು ಒತ್ತಾಯಿಸಿದರು. 1957ರ ಮೇ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆರು ವರ್ಷಗಳ ನಂತರ, 1963ರಲ್ಲಿ, ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ಅದೇ ಬೆಂಗಳೂರಿನಲ್ಲಿ ಸೈಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು ತೆರೆಯಿತು.

ಈ ಮೂವರನ್ನೂ ವೀರಗಾಥೆಯಾಗಿ ಓದುವುದು ಸುಲಭ, ನಮ್ಮ ಧರ್ಮಕೇಂದ್ರಗಳ ಪ್ರಬೋಧನೆಗಳಲ್ಲಿ ಹಾಗೆಯೇ ಆಗುತ್ತದೆ. ಆದರೆ ಅವರ ಹಿಂದೆ ನಿಂತದ್ದನ್ನು ಗಮನಿಸಬೇಕು. ಅವರಿಗಾಗಿ ಧರ್ಮಾಧ್ಯಕ್ಷರು ರೋಮಿಗೆ ಬರೆದರು. ಸಭೆಯೊಂದು ಊಟ, ವಸತಿ, ಸಂಗಾತಿಯರನ್ನು ಕೊಟ್ಟಿತು. ತೆಲುಗನ್ನೋ ಉರ್ದುವನ್ನೋ ಕಲಿಯಲು ಬಿಡುವು ಸಿಕ್ಕಿತು. ಕೊನೆಗೆ ಸಂಹಿತೆಯೇ ಮಣಿಯಿತು. ಇನ್ನೊಂದು ಸತ್ಯವನ್ನೂ ಮರೆಮಾಚಬಾರದು: ಆಳುವ ಸಾಮ್ರಾಜ್ಯದ ಚರ್ಮದ ಬಣ್ಣ ಅವರಿಗೆ ಅನೇಕ ಬಾಗಿಲುಗಳನ್ನು ಕೇಳದೆಯೇ ತೆರೆಯಿತು. ಇಂದು ಬರ್ಲಿನ್ನಿನ ವಿಮಾನನಿಲ್ದಾಣದಲ್ಲಿ ಇಳಿಯುವ ಚಿಕ್ಕನಾಯಕನಹಳ್ಳಿಯ ಹುಡುಗಿಗೆ ಆ ಅನುಕೂಲವಿಲ್ಲ.

ಹೊಳೆ ತಿರುಗಿದ ಕಾಲಕ್ಕೆ ಬರೋಣ. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಬ್ರಿಟಿಷ್ ಭಾರತದಲ್ಲಿ 6,300 ಜನರಿಗೆ ಒಬ್ಬ ವೈದ್ಯ, 43,000 ಜನರಿಗೆ ಒಬ್ಬ ದಾದಿ. ಮುಟ್ಟು-ಮೈಲಿಗೆಯ ಸಮಾಜದಲ್ಲಿ ಅನ್ಯರ ಮಲ, ರಕ್ತ ಮುಟ್ಟುವ, ರಾತ್ರಿ ಮನೆಯ ಹೊರಗೆ ದುಡಿಯುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕಳುಹಿಸುವವರು ಕಡಿಮೆಯಿದ್ದರು. ಮಿಷನ್ ಆಸ್ಪತ್ರೆಗಳ ಶಾಲೆಗಳಲ್ಲಿ ಕಲಿತ ಕ್ರೈಸ್ತ ಹೆಣ್ಣುಮಕ್ಕಳೇ ಆ ಕೊರತೆಯ ದೊಡ್ಡ ಪಾಲನ್ನು ತುಂಬಿದರು. ಸ್ವಾತಂತ್ರ್ಯಾನಂತರ ವಿದೇಶಿ ಮಿಷನರಿಗಳ ವೀಸಾ ಬಿಗಿಯಾಯಿತು. ಹೊರಗಿನ ವೈದ್ಯೆಯರು ಬರುವುದು ಕ್ರಮೇಣ ನಿಂತಿತು. ಅದೇ ಹೊತ್ತಿಗೆ, ಆ ವೈದ್ಯೆಯರನ್ನು ಕಳುಹಿಸಿದ ಯೂರೋಪಿನ ಆಸ್ಪತ್ರೆಗಳಲ್ಲಿಯೇ ದಾದಿಯರ ಬರ ಕಾಣಿಸಿಕೊಂಡಿತ್ತು.

1960ರ ದಶಕದಿಂದ ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಕೇರಳದ ತರುಣಿಯರು ಸಾವಿರಾರು ಸಂಖ್ಯೆಯಲ್ಲಿ ಹೋದರು. ಆಯ್ಕೆ, ಪ್ರಯಾಣ, ವಸತಿ ಎಲ್ಲದರಲ್ಲಿಯೂ ಕಥೋಲಿಕ ಸಂಪರ್ಕಗಳೇ ಸೇತುವೆ: ಇಲ್ಲಿಯ ಗುರುಗಳು ಅಲ್ಲಿಯ ಮಠಗಳಿಗೆ ಬರೆಯುತ್ತಿದ್ದರು. ಪರಸ್ಪರ ವಿಶ್ವಾಸದ ಆ ಸೇತುವೆಯಿಂದ ಅನೇಕ ಕುಟುಂಬಗಳು ಬಡತನವನ್ನು ದಾಟಿದವು ಎಂಬುದು ನಿಜ. ಅದರ ನೆರಳೂ ನಿಜ. 1970ರಲ್ಲಿ, ಕೇರಳದ ಹೆಣ್ಣುಮಕ್ಕಳನ್ನು ಹಣ ಪಡೆದು ಯೂರೋಪಿನ ಮಠಗಳಿಗೆ ಸಾಗಿಸಲಾಗುತ್ತಿದೆ ಎಂಬ ಆರೋಪ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಆರೋಪದಲ್ಲಿ ಎಷ್ಟು ಹುರುಳಿತ್ತೆಂಬ ವಾದ ಏನೇ ಇರಲಿ, ಗುರುವಿನ ಮಾತನ್ನೇ ನಂಬಿ ಮಗಳನ್ನು ಕಳುಹಿಸುವ ತಂದೆತಾಯಿಗೆ ಬೇರೆ ಯಾವ ರಕ್ಷಣೆಯೂ ಇರಲಿಲ್ಲ ಎಂಬುದಂತೂ ಅದರಿಂದ ಬಯಲಾಯಿತು.

ನೆಲೆಗೊಳಿಸುವ ಮಾತಿಗೆ ಬಂದರೆ ಜರ್ಮನಿಯ ದಾಖಲೆ ಮಿಶ್ರವಾದದ್ದು. ದಾದಿಯರನ್ನು ಕೆಲಸಗಾರ್ತಿಯರಾಗಿ ಕರೆಸಿಕೊಂಡರು. ಅವರು ಮದುವೆಯಾಗಿ ಗಂಡನನ್ನು ಕರೆತಂದಾಗ ಆ ಗಂಡಂದಿರಿಗೆ ಹಲವು ವರ್ಷ ಕೆಲಸದ ಪರವಾನಗಿ ಸಿಗಲಿಲ್ಲ. ಊರಿನಲ್ಲಿ ಪದವೀಧರನಾಗಿದ್ದವನು ಅಲ್ಲಿ ಮಗುವನ್ನು ನೋಡಿಕೊಳ್ಳುತ್ತ ಮನೆಯಲ್ಲಿ ಕುಳಿತ. 1970ರ ದಶಕದ ಕೊನೆಯ ಭಾಗದಲ್ಲಿ, ಸ್ಥಳೀಯ ದಾದಿಯರು ಸಾಕಷ್ಟು ದೊರೆಯತೊಡಗಿದಾಗ, ಕೆಲವು ಪ್ರಾಂತಗಳು ಏಷ್ಯಾದ ದಾದಿಯರ ಪರವಾನಗಿಗಳನ್ನು ನವೀಕರಿಸಲು ನಿರಾಕರಿಸಿದವು. ಹತ್ತು ವರ್ಷ ರಾತ್ರಿಪಾಳಿ ಮಾಡಿದವರಿಗೆ ಹೊರಡಿರೆಂಬ ಸೂಚನೆ. ಕೊರಿಯಾದ ದಾದಿಯರು 1977-78ರಲ್ಲಿ ಸಹಿ ಸಂಗ್ರಹಿಸಿ ಬಹಿರಂಗವಾಗಿ ಹೋರಾಡಿದರು. 1914ರಲ್ಲಿ ಮಂಗಳೂರಿನ ಜರ್ಮನ್ ಮಿಷನರಿಗಳ ನೆಲೆಯನ್ನು ಯುದ್ಧ ಅಲುಗಿಸಿತು; ಇಲ್ಲಿ ಯುದ್ಧವೂ ಇರಲಿಲ್ಲ, ಅಗತ್ಯ ತೀರಿತ್ತು ಅಷ್ಟೆ.

ಕೊಲ್ಲಿ ರಾಷ್ಟ್ರಗಳ ವಿಷಯ ನಮ್ಮ ಕರಾವಳಿಯ ಓದುಗರಿಗೆ ನಮಗಿಂತ ಚೆನ್ನಾಗಿ ಗೊತ್ತು. 1990ರಲ್ಲಿ ಕುವೈತಿನಿಂದ ಭಾರತೀಯರನ್ನು ವಿಮಾನಗಳಲ್ಲಿ ಮರಳಿ ಕರೆತಂದಾಗ ಅವರಲ್ಲಿ ದಾದಿಯರೂ ಇದ್ದರು. 2014ರಲ್ಲಿ ಇರಾಕಿನ ತಿಕ್ರಿತ್ ಆಸ್ಪತ್ರೆಯಲ್ಲಿ ಸಿಕ್ಕಿಕೊಂಡ 46 ಮಂದಿ ಭಾರತೀಯ ದಾದಿಯರು ಜುಲೈನಲ್ಲಿ ಬಿಡುಗಡೆಯಾದರು. ಅವರಲ್ಲಿ ಹಲವರು ನರ್ಸಿಂಗ್ ಓದಲು ಮಾಡಿದ ಸಾಲ ತೀರದ ಕಾರಣ ಯುದ್ಧಭೂಮಿಗೆ ಹೋಗಿದ್ದರೆಂಬುದು ನಮ್ಮನ್ನು ಕಾಡಬೇಕಾದ ಸಂಗತಿ. 2015ರಲ್ಲಿ, ಕುವೈತಿಗೆ ದಾದಿಯರನ್ನು ಕಳುಹಿಸಲು ನಿಗದಿಯಾಗಿದ್ದ 19,500 ರೂಪಾಯಿಗಳ ಬದಲಿಗೆ ಸುಮಾರು 19.5 ಲಕ್ಷ ರೂಪಾಯಿ ವಸೂಲಿ ಮಾಡಿದ ಆರೋಪದ ಮೇಲೆ ಕೊಚ್ಚಿಯಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ಅದೇ ವರ್ಷ ಕೇಂದ್ರ ಸರ್ಕಾರ 18 ದೇಶಗಳಿಗೆ ಹೋಗುವ ದಾದಿಯರ ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಸಬೇಕೆಂದು ಆದೇಶಿಸಿತು.

ಕರ್ನಾಟಕ ಈ ಕತೆಯಲ್ಲಿ ತಡವಾಗಿ ಬಂದು ಮುಂದೆ ಕುಳಿತ ರಾಜ್ಯ. ಖಾಸಗಿ ನರ್ಸಿಂಗ್ ಕಾಲೇಜುಗಳು ಅತಿ ಹೆಚ್ಚಾಗಿರುವ ರಾಜ್ಯಗಳಲ್ಲಿ ನಮ್ಮದು ಒಂದು. ಬಹುಕಾಲ ಅವುಗಳ ಬೆಂಚುಗಳಲ್ಲಿ ಕುಳಿತವರು ಕೇರಳದ ಮಕ್ಕಳು. ಈಗ ಒಳನಾಡಿನ ಕನ್ನಡ ಮಕ್ಕಳೂ ಕುಳಿತಿದ್ದಾರೆ. ತೆಂಗಿನ ಸೀಮೆಯಲ್ಲಿ ಇದಕ್ಕೆ ಕಾರಣ ಹುಡುಕಬೇಕಾಗಿಲ್ಲ. ನುಸಿ ಪೀಡೆ, ಕಪ್ಪುತಲೆ ಹುಳು, ಬತ್ತಿದ ಕೊಳವೆಬಾವಿ, ತಿಪಟೂರು ಮಾರುಕಟ್ಟೆಯಲ್ಲಿ ಏರಿ ಇಳಿಯುವ ಕೊಬ್ಬರಿ ದರ: ಇವುಗಳ ನಡುವೆ ಮನೆಯೊಂದು ಸ್ಥಿರವಾದ ಸಂಬಳವನ್ನು ಬಯಸುವುದು ಸಹಜ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಮಗಳ ಕಾಗದಪತ್ರಗಳು ಹಣ್ಣಾಗಲು ಅದಕ್ಕಿಂತ ಹೆಚ್ಚು. ರಾಜ್ಯ ಶುಶ್ರೂಷಾ ಪರಿಷತ್ತಿನ ದೃಢೀಕರಣ, ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆ, ಜರ್ಮನಿಗಾದರೆ ಬಿ2 ಮಟ್ಟದ ಜರ್ಮನ್, ಬ್ರಿಟನ್ನಿಗಾದರೆ ಇಂಗ್ಲಿಷ್ ಪರೀಕ್ಷೆ ಮತ್ತು ಎರಡು ಹಂತದ ವೃತ್ತಿ ಪರೀಕ್ಷೆ. ಜರ್ಮನಿಯಲ್ಲಿ ಪದವಿಗೆ ಪೂರ್ಣ ಮಾನ್ಯತೆ ಸಿಗುವವರೆಗೆ ನಮ್ಮ ಪದವೀಧರೆ ಸಹಾಯಕಿಯ ಹುದ್ದೆಯಲ್ಲಿ ಕಡಿಮೆ ಸಂಬಳಕ್ಕೆ ದುಡಿಯುತ್ತಾಳೆ. ಡೆಂಗೆಲ್ ಇಂಗ್ಲೆಂಡಿನಲ್ಲಿ ಕಾದಂತೆಯೇ.

ಪರೀಕ್ಷೆಗಳೇ ಅನ್ಯಾಯವೆಂದು ನಾವು ಹೇಳುತ್ತಿಲ್ಲ. ರಷ್ಯಾ, ಚೀನಾ, ಉಕ್ರೇನುಗಳಲ್ಲಿ ವೈದ್ಯಕೀಯ ಓದಿ ಮರಳುವ ನಮ್ಮದೇ ಮಕ್ಕಳಿಗೆ ನಮ್ಮ ದೇಶವೂ 2002ರಿಂದ ಅರ್ಹತಾ ಪರೀಕ್ಷೆ ಇಟ್ಟಿದೆ. ರೋಗಿಯ ಜೀವ ಮುಖ್ಯ. ಕೇಳಬೇಕಾದ ಪ್ರಶ್ನೆ, ಆ ಕಾಯುವ ಕಾಲದ ವೆಚ್ಚವನ್ನು ಯಾರು ಹೊರುತ್ತಾರೆಂಬುದು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅಂಗೀಕರಿಸಿದ ನೇಮಕಾತಿ ಸಂಹಿತೆಯು ವಲಸೆ ಬಂದ ಆರೋಗ್ಯ ಕಾರ್ಯಕರ್ತರಿಗೆ ಸ್ಥಳೀಯರಿಗೆ ಸಮನಾದ ಹಕ್ಕುಗಳಿರಬೇಕೆಂದೂ ಕಳುಹಿಸುವ ದೇಶದ ಆರೋಗ್ಯ ವ್ಯವಸ್ಥೆ ಕುಸಿಯದಂತೆ ಎಚ್ಚರ ವಹಿಸಬೇಕೆಂದೂ ಹೇಳುತ್ತದೆ. ಅದು ಸ್ವಪ್ರೇರಿತ ಸಂಹಿತೆ, ದಂಡನೆಯಿಲ್ಲ. 2021ರ ಡಿಸೆಂಬರಿನಲ್ಲಿ ಕೇರಳ ಸರ್ಕಾರದ ನೋರ್ಕಾ ಸಂಸ್ಥೆಯು ಜರ್ಮನಿಯೊಂದಿಗೆ ಮಾಡಿಕೊಂಡ ‘ಟ್ರಿಪಲ್ ವಿನ್’ ಒಪ್ಪಂದದಲ್ಲಿ ಭಾಷಾ ಕಲಿಕೆಯ ವೆಚ್ಚವನ್ನು ಅಭ್ಯರ್ಥಿಯ ತಲೆಗೆ ಕಟ್ಟುವುದಿಲ್ಲ. ನಮ್ಮ ರಾಜ್ಯದಲ್ಲಿ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ತಾಲ್ಲೂಕು ಕೇಂದ್ರಗಳ ಗೋಡೆಗಳ ಮೇಲೆ ಕಾಣುವುದು ಮಾತ್ರ ಖಾಸಗಿ ಏಜೆಂಟರ ಭಿತ್ತಿಪತ್ರಗಳು. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ತೆರಿಗೆ ಎಂಬುದು ಆ ಭಿತ್ತಿಪತ್ರಗಳಲ್ಲಿ ಇರುವುದಿಲ್ಲ.

ಇಲ್ಲಿ ಧರ್ಮಕೇಂದ್ರದ ಗುರುವಿನ ಪಾತ್ರವೇನು? ನಾವು ಈ ಸೀಮೆಯಲ್ಲಿದ್ದಾಗ ಕೇಳಿಬಂದ ಕೋರಿಕೆ ಸಾಮಾನ್ಯವಾಗಿ ಒಂದೇ: ‘ಫಾದರ್, ಒಂದು ಲೆಟರ್ ಬರೆದುಕೊಡಿ.’ ಸದ್ವರ್ತನೆಯ ಎರಡು ಸಾಲು, ಮುದ್ರೆ, ಸಹಿ. ಆದರೆ ಶಿಫಾರಸು ಪತ್ರಕ್ಕೆ ನಮ್ಮ ಧರ್ಮಸಭೆಯಲ್ಲಿ ಇದಕ್ಕಿಂತ ಘನವಾದ ಪರಂಪರೆಯಿದೆ. ರೋಮನರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯದ ಆರಂಭದಲ್ಲಿ ಪೌಲನು ಕೆಂಖ್ರೆಯ ಸಭೆಯ ಸೇವಕಿ ಫೆಬೆಯನ್ನು ಪರಿಚಯಿಸುತ್ತಾನೆ. ಅಲ್ಲಿ ಆಕೆಯ ಗುಣಕ್ಕೆ ಪ್ರಮಾಣಪತ್ರ ಕೊಟ್ಟು ಸುಮ್ಮನಾಗುವುದಿಲ್ಲ. ಬರಮಾಡಿಕೊಳ್ಳಿರೆಂದು ರೋಮಿನವರನ್ನು ಕೇಳುತ್ತಾನೆ, ಆಕೆಗೆ ಯಾವ ವಿಷಯದಲ್ಲಿ ನೆರವು ಬೇಕೋ ಆ ವಿಷಯದಲ್ಲಿ ನೆರವಾಗಬೇಕೆಂದು ಅವರ ಮೇಲೆ ಹೊಣೆ ಹೊರಿಸುತ್ತಾನೆ. ಪತ್ರ ಬರೆದವನು, ಒಯ್ಯುವವಳು, ಪಡೆಯುವವರು ಮೂವರೂ ಅದರಲ್ಲಿ ಬದ್ಧರು. ನಾವು ಬರೆದುಕೊಡುವ ಎರಡು ಸಾಲಿನಲ್ಲಿ ಪಡೆಯುವವರ ವಿಳಾಸವೇ ಇರುವುದಿಲ್ಲ.

1952ರ ‘ಎಕ್ಸುಲ್ ಫಮಿಲಿಯಾ’ ಮೊದಲುಗೊಂಡು 2004ರ ‘ಎರ್ಗಾ ಮಿಗ್ರಾಂತೆಸ್’ವರೆಗಿನ ದಾಖಲೆಗಳು ವಲಸೆ ಹೋದವರ ಪಾಲನೆಯ ಹೊಣೆಯನ್ನು ಕಳುಹಿಸುವ ಮತ್ತು ಪಡೆಯುವ ಎರಡೂ ಸ್ಥಳೀಯ ಸಭೆಗಳ ಮೇಲೆ ಇಡುತ್ತವೆ. 2023ರ ವಲಸಿಗರ ದಿನದ ಸಂದೇಶದಲ್ಲಿ ಜಗದ್ಗುರು ಫ್ರಾನ್ಸಿಸ್ ಎತ್ತಿಹಿಡಿದದ್ದು ಇನ್ನೂ ಹಿಂದಿನ ಹಕ್ಕನ್ನು: ಹೋಗುವ ಅಥವಾ ಊರಲ್ಲಿಯೇ ಉಳಿಯುವ ಆಯ್ಕೆಯ ಸ್ವಾತಂತ್ರ್ಯವನ್ನು. ನಮ್ಮ ಹೆಣ್ಣುಮಕ್ಕಳಿಗೆ ಉಳಿಯುವ ಆಯ್ಕೆ ನಿಜವಾಗಿ ಇದೆಯೇ? ಸರ್ಕಾರಿ ಆಸ್ಪತ್ರೆಗಳಲ್ಲಿ ಅನೇಕ ದಾದಿಯರು ವರ್ಷದಿಂದ ವರ್ಷಕ್ಕೆ ಗುತ್ತಿಗೆಯ ಮೇಲೆ ದುಡಿಯುತ್ತಾರೆ. ಖಾಸಗಿ ಆಸ್ಪತ್ರೆಗಳ ಸಂಬಳ ಹೇಳುವಂಥದ್ದಲ್ಲ. ಕ್ರೈಸ್ತ ಆಡಳಿತದ ಆಸ್ಪತ್ರೆಗಳು ಈ ಮಾತಿನಿಂದ ತಮ್ಮನ್ನು ಹೊರಗಿಡುವ ಮೊದಲು ತಮ್ಮ ಸಂಬಳ ಪುಸ್ತಕವನ್ನು ತೆರೆದು ನೋಡುವುದು ಲೇಸು. ಸೇವಾಭಾವ ಎಂಬ ಪದವನ್ನು ಕಡಿಮೆ ಸಂಬಳಕ್ಕೆ ಹೊದಿಕೆಯಾಗಿ ಬಳಸಿದಷ್ಟೂ ದಿನ ನಾವೇ ಅವರನ್ನು ವಿಮಾನ ಹತ್ತಿಸುತ್ತಿರುತ್ತೇವೆ.

ಗ್ಲೌರಿ ಅವರ ಕನಸಿನಿಂದ ಹುಟ್ಟಿದ ಸೈಂಟ್ ಜಾನ್ಸ್ ಈ ನಿಟ್ಟಿನಲ್ಲಿ ಒಂದು ಮಾದರಿಯನ್ನು ಇಟ್ಟಿದೆ: ಅಲ್ಲಿ ವೈದ್ಯ ಪದವಿ ಪಡೆದವರು ವೈದ್ಯಸೌಲಭ್ಯ ಕಡಿಮೆಯಿರುವ ಗ್ರಾಮಾಂತರದಲ್ಲಿ ಸೇವೆ ಸಲ್ಲಿಸಬೇಕು. ದಾದಿಯರಿಗೆ ಇಂಥ ಕರಾರನ್ನು ಹಾಕಬೇಕೆಂದು ನಾವು ಹೇಳುವುದಿಲ್ಲ; ಪ್ರಮಾಣಪತ್ರಗಳನ್ನು ಒತ್ತೆ ಇಟ್ಟುಕೊಳ್ಳುವ ಬಾಂಡ್ ಪದ್ಧತಿಯ ಕಹಿ ಅವರಿಗೆ ಸಾಕಷ್ಟಾಗಿದೆ. ಮಾಡಬಹುದಾದದ್ದು ಚಿಕ್ಕದು. ಹೊರಡುವವಳ ಹೆಸರನ್ನು ಧರ್ಮಕೇಂದ್ರದ ಪುಸ್ತಕದಲ್ಲಿ ಬರೆದಿಡುವುದು, ಅವಳು ಕ್ರೈಸ್ತಳಲ್ಲದಿದ್ದರೂ; ಹೋಗುವ ಊರಿನ ಧರ್ಮಕೇಂದ್ರಕ್ಕೆ ಅಥವಾ ಭಾರತೀಯ ಸಮುದಾಯದ ಗುರುಗಳಿಗೆ ಫೆಬೆಯ ಪತ್ರದಂಥ ಪತ್ರವನ್ನು ಮುಂಚಿತವಾಗಿ ಕಳುಹಿಸುವುದು; ಏಜೆಂಟನ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಪಟ್ಟಿಯಲ್ಲಿ ನೋಡಿಕೊಡುವುದು; ಊರಲ್ಲಿ ಉಳಿದ ತಂದೆತಾಯಿ ಕಾಯಿಲೆ ಬಿದ್ದಾಗ ಅವರನ್ನು ತುಮಕೂರಿಗೆ ಕರೆದೊಯ್ಯುವವರು ಯಾರೆಂದು ಹೊರಡುವ ಮೊದಲೇ ಕೇಳುವುದು. ಇವಕ್ಕೆಲ್ಲ ರೋಮಿನ ಅನುಮತಿ ಬೇಕಾಗಿಲ್ಲ.

ಕರಾರುಪತ್ರ ಓದುವುದು ಮಾತ್ರ ಕಲಿಯಬೇಕಾದ ವಿದ್ಯೆ. ಕೆಲಸ ಬಿಟ್ಟರೆ ಎಷ್ಟು ಹಣ ಮರಳಿಸಬೇಕು, ಮಾನ್ಯತೆ ಸಿಗುವ ಮುನ್ನ ಸಂಬಳವೆಷ್ಟು, ಮನೆ ಬಾಡಿಗೆ ಯಾರದು, ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ: ಇಂಗ್ಲಿಷಿನಲ್ಲಿಯೋ ಜರ್ಮನ್‌ನಲ್ಲಿಯೋ ಇರುವ ಹತ್ತು ಹನ್ನೆರಡು ಪುಟಗಳಲ್ಲಿ ಈ ನಾಲ್ಕು ಸಾಲುಗಳನ್ನು ಹುಡುಕಿ, ತೋಟದಿಂದ ಬಂದ ತಂದೆಗೆ ಕನ್ನಡದಲ್ಲಿ ಹೇಳಬೇಕು. ಅಂಥ ಕರಾರೊಂದನ್ನು, ಹೆಸರು ವಿಳಾಸಗಳನ್ನು ಅಳಿಸಿ, ಮುಂದಿನ ಅವಧಿಯ ಪಾಲನಾ ದೈವಶಾಸ್ತ್ರದ ತರಗತಿಯಲ್ಲಿ ನಮ್ಮ ವಿದ್ಯಾರ್ಥಿಗಳೊಂದಿಗೆ ಓದಲು ತೆಗೆದಿಟ್ಟಿದ್ದೇವೆ.